ಕಿಡಿ ಪಕ್ಷ, ಪೆಟ್ರೋಲ್ ಪಕ್ಷ

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ಎರಡು ಪಕ್ಷ ಇರುತ್ತವೆ. ಒಂದು ಕಿಡಿ ಪಕ್ಷ, ಇನ್ನೊಂದು ಪೆಟ್ರೋಲ್ ಪಕ್ಷ. ಎಂಜಿನ್ ಯಾವ ಕಾರಣಕ್ಕೆ ನಿಂತರೂ ಮೊದಲನೆಯವರು ‘ಕರೆಂಟ್ ಬರ್ತಿಲ್ಲ’ ಅನ್ನುತ್ತಾರೆ. ಎರಡನೆಯವರು ‘ಪೆಟ್ರೋಲ್ ಬರ್ತಿಲ್ಲ’ ಅನ್ನುತ್ತಾರೆ. ಕಾರಿನ ಮಾಲೀಕ ಯಾವ ಪಕ್ಷಕ್ಕೂ ಸೇರಿದವನಲ್ಲ. ಅವನ ಕೆಲಸ ಟಾರ್ಚ್ ಹಿಡಿಯುವುದು.

ನಮ್ಮಲ್ಲಿ ಕಿಡಿ ಪಕ್ಷದ ನಾಯಕರು ನನ್ನ ಸೋದರಮಾವ. ಪೆಟ್ರೋಲ್ ಪಕ್ಷದಲ್ಲಿ ಇರುವುದು ಭಾವಮೈದುನ ಒಬ್ಬನೇ, ಆದರೆ ಗಂಟಲು ನಾಲ್ಕು ಜನರದ್ದು. ಕಾರು 1960ರ ದಶಕದ್ದು. ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸುವ ಒಂದು ಕಾರ್ಬುರೇಟರ್, ಸಿಲಿಂಡರುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಒಂದು ಡಿಸ್ಟ್ರಿಬ್ಯೂಟರ್. ಕಂಪ್ಯೂಟರ್ ಅನ್ನೋದು ಎಲ್ಲೂ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. ಕಾಣುವ ವಸ್ತುವಿನ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರ ಮುಂದೆ ಎಂಥ ಮಾತುಗಾರನೂ ಗಪ್‌ಚುಪ್.

ನಮ್ಮ ಕಾರಿನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಚೋಕ್ ಎಳೆದು ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಕಾಲು ಗಂಟೆ, ಇಪ್ಪತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎರಡು ಸಲ ಮುಗ್ಗರಿಸಿ ನಿಂತೇ ಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಪೂರ್ತಿ ಕೆಟ್ಟಿದ್ದರೆ ಹುಡುಕಬಹುದಿತ್ತು. ಪೂರ್ತಿ ಸರಿ ಇದ್ದರೂ ಸರಿ. ಇದು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

‘ಬಿಸಿಯಾದ ಮೇಲೆ ನಿಲ್ಲುತ್ತೆ ಅಂದರೆ ಕಂಡೆನ್ಸರ್. ಅದರಲ್ಲಿ ಎರಡು ಮಾತಿಲ್ಲ’ ಅಂದರು ಮಾವ. ಅವರ ವಿಷಯದಲ್ಲಿ ಎರಡು ಮಾತು ಯಾವತ್ತೂ ಇರುವುದಿಲ್ಲ. ಇನ್ನೂರು ಮಾತು ಇರುತ್ತವೆ.

ಅವರ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಇಂಥ ಕಾರಿನಲ್ಲಿ ಕಿಡಿ ಹುಟ್ಟುವುದೇ ಒಂದು ಸರ್ಕಸ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ರೂಪಿಸಿದ ಏರ್ಪಾಡು ಅದು. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಅನ್ನುವ ಎರಡು ಪುಟ್ಟ ಲೋಹದ ತುಂಡುಗಳು ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಲೆಲ್ಲ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟ್‌ಗೆ ಏರಿಸಿ, ಸಿಲಿಂಡರ್ ಒಳಗೆ ಕಿಡಿ ಹಾರಿಸುವ ಪ್ಲಗ್‌ಗೆ ಕಳಿಸುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ನಾಲ್ಕು ಸಿಲಿಂಡರಿಗೆ ನಿಮಿಷಕ್ಕೆ 6000 ಸಲ ಈ ಆಟ ನಡೆಯಬೇಕು. ಪಾಯಿಂಟ್ ಗ್ಯಾಪ್ ಎಷ್ಟು? ಸುಮಾರು 0.4 ಮಿಲಿಮೀಟರ್. ಇಡೀ ಕಾರಿನ ಮರ್ಯಾದೆ ಆ ಸಂದಿಯಲ್ಲಿ ಇದೆ. ಪಾಯಿಂಟ್ ಸುಟ್ಟು ಹೋಗದ ಹಾಗೆ ಕಾಯುವುದು ಪಕ್ಕದಲ್ಲಿರುವ ಬೆರಳ ತುದಿಯಷ್ಟು ಡಬ್ಬಿ. ಅದೇ ಕಂಡೆನ್ಸರ್. ಅದು ಹಳತಾದರೆ ಬಿಸಿಯಲ್ಲಿ ಕೈಕೊಟ್ಟು ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುವುದು ಉಂಟು. ಆದ್ದರಿಂದ ಮಾವ ಜೇಬಿನಲ್ಲೇ ಹೊಸದೊಂದನ್ನು ಇಟ್ಟುಕೊಂಡು ಕಾರು ಹತ್ತಿದರು. ಕಾರು ಅವರ ಆಸೆಯಂತೆ ದಾರಿಯಲ್ಲಿ ನಿಂತಿತು. ಅಷ್ಟು ಖುಷಿಯಿಂದ ಕೆಟ್ಟ ಕಾರಿನಿಂದ ಇಳಿದವರನ್ನು ನಾನು ನೋಡಿಲ್ಲ.

ಕಂಡೆನ್ಸರ್ ಬದಲಾಯಿತು. ಕೀಲಿ ತಿರುಗಿಸಿದೆ. ಸ್ಟಾರ್ಟ್! ಮಾವ ಹಳೇ ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದು ಎಲ್ಲರಿಗೂ ತೋರಿಸಿದರು. ಮುಂದಿನ ಸಲ ಹೊರಗೆ ಹೋದಾಗ ಕಾರು ಮತ್ತೆ ನಿಂತಿತು.

‘ಹಾಗಾದರೆ ವೈರ್ ಲೀಕ್ ಆಗ್ತಿದೆ’ ಅಂದರು ಮಾವ. ಪ್ಲಗ್‌ಗೆ ಹೋಗುವ ದಪ್ಪ ವೈರುಗಳಲ್ಲಿ ಬಿರುಕು ಬಿಟ್ಟಿದ್ದರೆ ಕರೆಂಟ್ ಅಡ್ಡದಾರಿಯಲ್ಲಿ ಎಂಜಿನ್ ಮೈಗೆ ಹಾರುತ್ತದೆ. ಗಾಢ ಕತ್ತಲೆಯಲ್ಲಿ ಎಂಜಿನ್ ಓಡಿಸಿ ನೋಡಿದರೆ ನೀಲಿ ಕಿಡಿಗಳು ಕಾಣುತ್ತವೆ. ಪರೀಕ್ಷೆ ನಿಜಕ್ಕೂ ಒಳ್ಳೆಯದು. ಆದರೆ ನಡುರಾತ್ರಿ ದೀಪ ಆರಿಸಿ, ಇಬ್ಬರು ಗಂಡಸರು ಕಾರಿನ ಬಾನೆಟ್ ಒಳಗೆ ತಲೆ ತೂರಿಸಿ ಪಿಸುಗುಟ್ಟುತ್ತಾ ನಿಂತರೆ ಪಕ್ಕದ ಮನೆಯವರಿಗೆ ಏನನ್ನಿಸಬೇಕು? ಅವರು ದೊಣ್ಣೆ ಹಿಡಿದೇ ಬಂದರು. ಗುರುತು ಸಿಕ್ಕಿದ ಮೇಲೆ ದೊಣ್ಣೆ ಕೆಳಗಿಟ್ಟು ಬಾನೆಟ್ ಒಳಗೆ ಮೂರನೇ ತಲೆ ತೂರಿಸಿದರು. ಒಂದು ನೀಲಿ ಕಿಡಿಯೂ ಕಾಣಲಿಲ್ಲ. ‘ಇದು ಪೆಟ್ರೋಲ್ ಪ್ರಾಬ್ಲಮ್ಮೇ ಸಾರ್’ ಅಂದರು ಅವರು. ಭಾವಮೈದುನನ ಬಲ ದುಪ್ಪಟ್ಟಾಯಿತು.

ಈಗ ಪೆಟ್ರೋಲ್ ಪಕ್ಷದ ಆಡಳಿತ ಶುರು. ಭಾವಮೈದುನ ಮೊದಲು ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟ. ಪ್ಲಗ್ ಬಣ್ಣ ನೋಡಿದರೆ ಎಂಜಿನ್ ಹೊಟ್ಟೆಯ ಹಾಲಹವಾಲು ಗೊತ್ತಾಗುತ್ತದೆ. ತಿಳಿ ಕಂದು ಇದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಎಣ್ಣೆ ಜಿಡ್ಡಿದ್ದರೆ ರಿಂಗೋ ವಾಲ್ವ್ ಗೈಡೋ ಸವೆದಿದೆ ಅಂತ. ನಮ್ಮವು ಬಿಳಿಗೂ ಕಂದಿಗೂ ನಡುವೆ ಇದ್ದವು. ಅಷ್ಟು ಸಾಕಾಯಿತು ಅವನಿಗೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರ್ಬುರೇಟರಿನ ಮಿಕ್ಸ್‌ಚರ್‌ನಲ್ಲಿ ಪೆಟ್ರೋಲ್ ಧಾರಾಳ ಮಾಡಿದ. ಐಡ್ಲಿಂಗ್ ಸ್ಕ್ರೂ ಕೂಡ ತಿರುಗಿಸಿ, ನಿಂತಲ್ಲೇ ಎಂಜಿನ್ ಜೋರಾಗಿ ಓಡುವ ಹಾಗೆ ಮಾಡಿದ. ‘ಇನ್ನು ನಿಲ್ಲು ನೋಡೋಣ’ ಅಂತ ಕಾರಿಗೇ ಸವಾಲು ಹಾಕಿದ.

ನಿಂತಿತು.

‘ಹಾಗಾದರೆ ವೇಪರ್ ಲಾಕ್!’ ಇದೂ ಸುಮ್ನೆ ಹೇಳುವ ಮಾತಲ್ಲ. ಪೆಟ್ರೋಲ್ ಅನೇಕ ದ್ರವಗಳ ಮಿಶ್ರಣ. ಅದರಲ್ಲಿ ಹಗುರವಾದವು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತವೆ. ಬಿಸಿ ಎಂಜಿನ್ ಪಕ್ಕದಲ್ಲಿ ಹಾಯುವ ಪೈಪಿನಲ್ಲಿ ಪೆಟ್ರೋಲ್ ಆವಿಯಾದರೆ ಪಂಪ್ ಆ ಗುಳ್ಳೆಗಳನ್ನೇ ಹೊಡೆಯುತ್ತಾ ಕೂರುತ್ತದೆ. ಕಾರ್ಬುರೇಟರ್ ಖಾಲಿ. ಇದಕ್ಕೆ ಎರಡು ಹಳೇ ಮದ್ದು ಇವೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ಒಂದು. ಪೆಟ್ರೋಲ್ ಪೈಪಿನ ಉದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸುವುದು ಇನ್ನೊಂದು. ಒದ್ದೆ ಬಟ್ಟೆಗೆ ಅರ್ಥವಿದೆ. ಕ್ಲಿಪ್ಪಿನಿಂದ ಏನು ಪ್ರಯೋಜನ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೆ ನಂಬುವವರು ಪ್ರಪಂಚದ ತುಂಬ ಇದ್ದಾರೆ. ಭಾವಮೈದುನ ತನ್ನ ಅಕ್ಕನನ್ನು ಕೇಳದೆ ಹಗ್ಗದ ಮೇಲಿನ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದ. ಆ ದಿನ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಮನೆಯವರ ಬಟ್ಟೆಗಳು ಎಲ್ಲೆಲ್ಲಿ ಸಿಕ್ಕವು ಅನ್ನುವ ವಿವರ ಬೇಡ. ಪಕ್ಕದ ಮನೆಯವರು ಮತ್ತೊಮ್ಮೆ ಬಂದರು, ಈ ಸಲ ದೊಣ್ಣೆಯ ತುದಿಯಲ್ಲಿ ನನ್ನ ಬನಿಯನ್ ನೇತುಹಾಕಿಕೊಂಡು.

ಕಾರು ನಿಂತ ಕೂಡಲೇ ಒದ್ದೆ ಬಟ್ಟೆ ಸುತ್ತಿ, ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿ ಕೀಲಿ ತಿರುಗಿಸಿದೆವು. ಸ್ಟಾರ್ಟ್! ಭಾವಮೈದುನ ಎರಡೂ ಕೈ ಎತ್ತಿ ಕುಣಿದ.

ಟಾರ್ಚ್ ಹಿಡಿದು ನಿಂತವನಿಗೆ ಒಂದು ಲಾಭವಿದೆ. ಕೈಗೆ ಕೆಲಸ ಇರುವುದಿಲ್ಲ, ಕಣ್ಣಿಗೆ ಇರುತ್ತದೆ. ನಾನು ಗಡಿಯಾರ ನೋಡತೊಡಗಿದೆ. ಕಂಡೆನ್ಸರ್ ಬದಲಿಸಲು ಹತ್ತು-ಹದಿನೈದು ನಿಮಿಷ. ಬಟ್ಟೆ ನೆನೆಸಿ ಸುತ್ತಿ ಕ್ಲಿಪ್ಪು ಹಾಕಲು ಅಷ್ಟೇ. ಪ್ಲಗ್ ಬಿಚ್ಚಿ, ಒರೆಸಿ, ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ, ಮತ್ತೆ ಕೂರಿಸಲು ಇನ್ನೂ ಜಾಸ್ತಿ. ಮಧ್ಯೆ ಒಂದು ದಿನ ಇಬ್ಬರೂ ನಾಯಕರು ಜಗಳಕ್ಕೆ ಬಿದ್ದು ಯಾರೂ ಏನನ್ನೂ ಮುಟ್ಟಲಿಲ್ಲ. ಹದಿನೈದು ನಿಮಿಷ ಬರೀ ಬೈದಾಡಿದರು. ಆಗಲೂ ಕಾರು ಸ್ಟಾರ್ಟ್ ಆಯಿತು. ಅಂದರೆ ಎಲ್ಲರ ಮದ್ದೂ ಫಲಿಸುತ್ತಿತ್ತು. ಕಾಯುವುದೇ ಮದ್ದು, ಆ ಹೊತ್ತಿನಲ್ಲಿ ಸ್ಪ್ಯಾನರ್ ಯಾರ ಕೈಯಲ್ಲಿ ಇತ್ತೋ ಅವರಿಗೆ ಹೆಸರು. ಇದನ್ನು ಹೇಳಿದಾಗ ಎರಡೂ ಪಕ್ಷಗಳು ಒಂದಾಗಿ ನನ್ನನ್ನು ನೋಡಿ ನಕ್ಕವು. ಅವರಿಬ್ಬರೂ ಒಂದಾಗಿದ್ದನ್ನು ನೋಡಿದ್ದು ಅದೇ ಮೊದಲು.

ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಕಾರು ಜಾಸ್ತಿ ದೂರ ಓಡುತ್ತಿತ್ತು. ಟ್ಯಾಂಕ್ ತುಂಬಿಸಿದ ದಿನ ಬೇಗ ನಿಲ್ಲುತ್ತಿತ್ತು. ತುಂಬಿದ ಹೊಟ್ಟೆಗೆ ಸೋಮಾರಿತನ ಅಂದರು ಮಾವ. ಎಂಜಿನ್ ಬಿಸಿಗೂ ಟ್ಯಾಂಕಿಗೂ ಏನು ಸಂಬಂಧ? ಎರಡೂ ಪಕ್ಷಗಳ ಪ್ರಣಾಳಿಕೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಜಗಳದಲ್ಲೇ. ಮತ್ತೊಂದು ಸಲ ಕಾರು ನಿಂತಾಗ ‘ಪೆಟ್ರೋಲೇ ಇಲ್ಲ’ ಅಂತ ಭಾವಮೈದುನ, ‘ಕಂಠಮಟ್ಟ ಇದೆ’ ಅಂತ ಮಾವ. ತೋರಿಸಿಯೇ ಬಿಡುತ್ತೇನೆ ಅಂತ ಮಾವ ಜೇಬಿನಿಂದ ಟ್ಯಾಂಕ್ ಮುಚ್ಚಳದ ಕೀಲಿ ತೆಗೆದರು. ಆ ಮುಚ್ಚಳ ಅವರೇ ಕೊಟ್ಟ ಉಡುಗೊರೆ. ಹೊಳೆಯುವ, ಬೀಗ ಇರುವ ಮುಚ್ಚಳ. ಕಾರಿನ ಜೊತೆ ಬಂದಿದ್ದ ಹಳೇ ಮುಚ್ಚಳದಲ್ಲಿ ಪುಟ್ಟ ತೂತು ಇದೆ, ಧೂಳು ಹೋಗುತ್ತದೆ ಅಂತ ಅದನ್ನು ತೆಗೆಸಿ ಹಾಕಿಸಿದ್ದರು. ಒಂದು ಕೀಲಿ ನನಗೆ ಕೊಟ್ಟು ಇನ್ನೊಂದನ್ನು ತಾವೇ ಇಟ್ಟುಕೊಂಡಿದ್ದರು.

ಮುಚ್ಚಳ ತಿರುಗಿಸಿದ ಕೂಡಲೇ ಟ್ಯಾಂಕ್ ‘ಸ್ಸ್ಸ್ಸ್’ ಅಂತ ಉದ್ದಕ್ಕೆ ಉಸಿರು ಎಳೆದುಕೊಂಡಿತು. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹೋಗಿ ಕೀಲಿ ತಿರುಗಿಸಿದೆ. ಹದಿನೈದು ನಿಮಿಷ ಕಾಯದೆ, ಯಾರೂ ಯಾವ ಸ್ಕ್ರೂ ಮುಟ್ಟದೆ, ಒಂದೆರಡು ಸುತ್ತಿಗೇ ಸ್ಟಾರ್ಟ್.

ಆ ತೂತು ಇದ್ದದ್ದೇ ಗಾಳಿ ಒಳಗೆ ಹೋಗಲಿ ಅಂತ. ಪಂಪ್ ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿಗೆ ಗಾಳಿ ಸೇರಬೇಕು. ಸೇರದಿದ್ದರೆ, ಬಾಟಲಿಗೆ ಬಾಯಿ ಒತ್ತಿ ಹೀರಿದ ಹಾಗೆ, ಸ್ವಲ್ಪ ಹೊತ್ತಿಗೆ ಏನೂ ಬರುವುದಿಲ್ಲ. ಪಂಪಿನ ಡಯಾಫ್ರಾಮ್ ಪಾಪ ಎಷ್ಟು ಅಂತ ಎಳೆಯುತ್ತದೆ? ಟ್ಯಾಂಕ್ ತುಂಬಿದ್ದರೆ ಮೇಲೆ ಇರುವ ಗಾಳಿ ಕಡಿಮೆ, ಆದ್ದರಿಂದ ಒತ್ತಡ ಬೇಗ ಬೀಳುತ್ತದೆ, ಕಾರು ಬೇಗ ನಿಲ್ಲುತ್ತದೆ. ಸುಮ್ನೆ ಬಿಟ್ಟರೆ ಯಾವುದೋ ಸಂದಿಯಿಂದ ಗಾಳಿ ನಿಧಾನಕ್ಕೆ ನುಸುಳಿ ಎಲ್ಲ ಸರಿಹೋಗುತ್ತದೆ. ಎಂಜಿನ್ ಬಿಸಿಯಾಗಲು ಬೇಕಾಗುವ ಹೊತ್ತೂ ಸುಮಾರು ಅಷ್ಟೇ ಇದ್ದದ್ದರಿಂದ ಇಷ್ಟು ದಿನ ನಮ್ಮೆಲ್ಲರ ಅನುಮಾನವೂ ಬಿಸಿಯ ಮೇಲೆಯೇ ಇತ್ತು.

ಮಾವನ ಮುಖ ಬಾಡೀತು ಅಂದುಕೊಂಡಿದ್ದೆ. ಎಲ್ಲಿ? ‘ಮುಚ್ಚಳ ತೆಗೆದು ನೋಡೋಣ ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಹೊಳೆಯಿತಾ? ಪೆಟ್ರೋಲೂ ಅಲ್ಲ, ಕರೆಂಟೂ ಅಲ್ಲ, ಗಾಳಿ! ನಾನು ಆವತ್ತಿನಿಂದ ಅದನ್ನೇ ಯೋಚನೆ ಮಾಡ್ತಿದ್ದೆ’ ಅಂದರು. ನಿಂತ ನಿಲುವಿನಲ್ಲೇ ಗಾಳಿ ಪಕ್ಷ ಸ್ಥಾಪನೆಯಾಯಿತು. ಭಾವಮೈದುನ ‘ಟ್ಯಾಂಕ್ ಅಂದರೆ ಪೆಟ್ರೋಲ್ ವಿಭಾಗವೇ, ಗೆದ್ದದ್ದು ನಾನೇ’ ಅಂದ. ಇಬ್ಬರೂ ಗೆದ್ದರು. ಹಳೇ ಮುಚ್ಚಳ ಮತ್ತೆ ಟ್ಯಾಂಕಿನ ಮೇಲೆ ಕೂತಿತು.

ಆ ಸಂಜೆ ಗೆಲುವಿನ ಮೆರವಣಿಗೆಯ ಹಾಗೆ ದೂರದವರೆಗೆ ಸುತ್ತಾಡಿ ಬಂದೆವು. ಕಾರು ಎಲ್ಲೂ ನಿಲ್ಲಲಿಲ್ಲ. ಮನೆ ಮುಂದೆ ಬಂದು ಕೀಲಿ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ದಡಬಡ ಅಂತ ಅಲುಗಾಡುತ್ತಾ ಓಡುತ್ತಲೇ ಇತ್ತು. ಭಾವಮೈದುನ ಧಾರಾಳ ಮಾಡಿದ್ದ ಮಿಕ್ಸ್‌ಚರ್ ಸಿಲಿಂಡರ್ ಒಳಗೆ ಮಸಿ ಕಟ್ಟಿತ್ತು. ಬಿಸಿಗೆ ಮಸಿ ಕೆಂಡವಾಗಿತ್ತು. ಅವನೇ ಏರಿಸಿದ್ದ ಐಡ್ಲಿಂಗ್‌ನಿಂದ ಪೆಟ್ರೋಲೂ ಗಾಳಿಯೂ ಹೋಗುತ್ತಲೇ ಇದ್ದವು. ಕೆಂಡ ಇದ್ದ ಮೇಲೆ ಪ್ಲಗ್ ಯಾಕೆ ಬೇಕು?

ಮಾವ ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಒಮ್ಮೆ ಕೀಲಿ ನೋಡಿದರು, ಒಮ್ಮೆ ಕುಣಿಯುತ್ತಿದ್ದ ಬಾನೆಟ್ ನೋಡಿದರು.

‘ಕರೆಂಟೇ ಇಲ್ಲದೆ ಹೇಗೋ ಓಡುತ್ತೆ ಇದು?’

‘ಪೆಟ್ರೋಲ್ ಬರ್ತಿದೆಯಲ್ಲ ಮಾವ’ ಅಂದ ಭಾವಮೈದುನ.

ನನ್ನ ಹೆಂಡತಿ ಬಾಗಿಲಿಗೆ ಬಂದಳು. ‘ಅದು ನಿಂತ ಮೇಲೆ ನನ್ನ ಕ್ಲಿಪ್ಪು ಎಣಿಸಿ ವಾಪಸ್ ಕೊಡಿ’ ಅಂದಳು. ನಾನು ಗೇರ್ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟೆ. ಕಾರು ಒಮ್ಮೆ ಜಿಗಿದು ನಿಂತಿತು. ಪೈಪಿನ ಮೇಲೆ ಉಳಿದಿದ್ದ ಕ್ಲಿಪ್ಪುಗಳು ಪಟಪಟ ಅಂತ ಕೆಳಗೆ ಉದುರಿದವು.