99 ಕೆ.ಜಿ.ಯ ಊರು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೊಸ ನೋಟಿಸ್ ಅಂಟಿಸಿದ್ದಾರೆ. ಕೇಂದ್ರದ 2026ರ ಕಸದ ನಿಯಮ ಬಂತಲ್ಲ, ಅದರ ಪ್ರಕಾರ ಇನ್ನು ಮೇಲೆ ನಾಲ್ಕು ಬುಟ್ಟಿ. ಹಸಿ, ಒಣ, ಸ್ಯಾನಿಟರಿ, ಮತ್ತೆ ವಿಶೇಷ ಕಾಳಜಿಯ ಕಸ. ಸತ್ತ ಬಲ್ಬು, ಹಳೇ ಮಾತ್ರೆ, ಪೇಂಟಿನ ಡಬ್ಬಿಗೆ ಸಿಗಲಿರುವ ಈ ವಿಶೇಷ ಕಾಳಜಿ ನಮ್ಮ ಕಡೆ ಮನೆ ಅಳಿಯನಿಗೂ ಸಿಗುವುದಿಲ್ಲ.

ಹಳೇ ನಿಯಮವೇನು ಸಣ್ಣದಾಗಿತ್ತೇ? 2016ರಲ್ಲೇ ಹೇಳಿದ್ದರು: ದಿನಕ್ಕೆ 100 ಕೆ.ಜಿ. ಕಸ ದಾಟಿದವನು ದೊಡ್ಡ ಕುಳ, ಹಸಿ ಕಸವನ್ನು ಆದಷ್ಟು ತನ್ನ ಅಂಗಳದಲ್ಲೇ ಗೊಬ್ಬರ ಮಾಡಬೇಕು. ಅಂದಿನಿಂದ ಹುಬ್ಬಳ್ಳಿಯಲ್ಲಿ ಒಂದು ಪವಾಡ ನಡೆದಿದೆ. ರಾಶಿ ರೊಟ್ಟಿ ಬಡಿಯುವ ಖಾನಾವಳಿಯ ಕಸ 99 ಕೆ.ಜಿ. ಎರಡು ಸಾವಿರ ಎಲೆ ಎತ್ತಿದ ಕಲ್ಯಾಣ ಮಂಟಪದ್ದೂ 99. ನಾವು ಇಷ್ಟೊಂದು ಮನೆಯವರು ಸೇರಿದರೂ ಅದೇ 99. ತಕ್ಕಡಿ ಮಾತ್ರ ಯಾರೂ ಕಂಡಿಲ್ಲ.

ನಮ್ಮ ನೆಲಮಾಳಿಗೆಯಲ್ಲಿ ಗೊಬ್ಬರದ ಯಂತ್ರ ಇದೆ. ಬಿಲ್ಡರ್ ಇಟ್ಟು ಹೋದದ್ದು. ಆಯುಧ ಪೂಜೆಗೆ ಬಿದ್ದ ಚೆಂಡುಹೂವು ಬಿಟ್ಟರೆ ಬೇರೆ ಹಸಿ ಕಸ ಅದಕ್ಕೆ ಗೊತ್ತಿಲ್ಲ. ಕರೆಂಟ್ ಬಿಲ್ ಜಾಸ್ತಿ ಅಂತೆ. ವಾಚ್‌ಮನ್ ಅದರ ಮೇಲೆ ಬುತ್ತಿ ಇಡುತ್ತಾನೆ. ಯಂತ್ರ ಬೇಡ ಎಂದು ಒಮ್ಮೆ ತೊಟ್ಟಿಯಲ್ಲಿ ಮಾಡಿ ನೋಡಿದರು. ಬರೀ ಹಸಿ ಕಸ ತುಂಬಿ ಮುಚ್ಚಳ ಹಾಕಿದರು. ಒಣ ಎಲೆ ಇಲ್ಲ, ಗಾಳಿ ಇಲ್ಲ, ಒಮ್ಮೆಯೂ ತಿರುವಲಿಲ್ಲ. ನಾಲ್ಕೇ ದಿನಕ್ಕೆ ಹುಳ. “ಇದು ನಮ್ಮ ಹವಾಕ್ಕ ಆಗಂಗಿಲ್ರಿ” ಎಂದು ಠರಾವು ಪಾಸಾಯಿತು.

ಯಾವ ಹವಾ? ಇಲ್ಲಿರುವ ಬಹಳ ಮಂದಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯವರು. ಅಜ್ಜನ ಕಾಲದಲ್ಲಿ ಮನೆಗೊಂದು ತಿಪ್ಪೆ. ಸಗಣಿ, ದನ ತಿಂದುಳಿಸಿದ ಕಣಕಿ, ಒಲೆಯ ಬೂದಿ ಎಲ್ಲ ಅಲ್ಲಿಗೆ. ಮುಸುರೆ ಎಮ್ಮೆಗೆ. ಬೇಸಿಗೆಯಲ್ಲಿ ಚಕ್ಕಡಿ ಹೂಡಿ ಹೊಲಕ್ಕೆ ಹೇರುತ್ತಿದ್ದರು. ದೀಪಾವಳಿಗೆ ತಿಪ್ಪೆಗೂ ಒಂದು ದೀಪ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಹೆಸರಿಡುತ್ತಿದ್ದರು. ಯಮನೂ ಮುಟ್ಟಲಿಕ್ಕಿಲ್ಲ ಅಂತ. ಆ ತಿಪ್ಪಣ್ಣನ ಮೊಮ್ಮಗನಿಗೆ ಈಗ ಎಸಿ ಹಾಲ್‌ನಲ್ಲಿ ಕೂರಿಸಿ, ಬಿಸ್ಕತ್ತು ಕೊಟ್ಟು, ಗೊಬ್ಬರ ಅಂದರೇನು ಎಂದು ಪವರ್‌ಪಾಯಿಂಟ್ ತೋರಿಸುತ್ತಾರೆ. ಬಿಸ್ಕತ್ತಿನ ಕವರ್ ಕುರ್ಚಿ ಕೆಳಗೇ ಬಿದ್ದಿರುತ್ತದೆ.

ಬೆಳಿಗ್ಗೆ ಹಾಡು ಹಾಕಿಕೊಂಡು ಗಾಡಿ ಬರುತ್ತದೆ. ಹಸಿ, ಒಣ ಎಲ್ಲ ಒಂದೇ ಹೊಟ್ಟೆಗೆ. “ಮತ್ತ ನಾವ್ಯಾಕ ಬ್ಯಾರೆ ಮಾಡಬೇಕ್ರಿ?” ಇದು ನಮ್ಮ ಮೆಚ್ಚಿನ ಪ್ರಶ್ನೆ. ಒಂದು ದಿನವೂ ಬೇರೆ ಮಾಡದವನೇ ಮೊದಲು ಕೇಳುತ್ತಾನೆ.

ಗಾಡಿಯ ಹಿಂದೆ ನಿಂತ ಹೆಣ್ಣುಮಗಳು ಬರಿಗೈಯಲ್ಲಿ ನಮ್ಮ ಚೀಲ ಬಿಚ್ಚುತ್ತಾಳೆ. ನಿನ್ನೆಯ ಸಾರಿನ ನಡುವೆ ಡೈಪರ್, ಪ್ಯಾಡ್, ಒಡೆದ ಗ್ಲಾಸು. ಡೈಪರ್, ಪ್ಯಾಡ್ ಸುತ್ತಿ ಕೊಡಿ ಎಂದು ಆ 2016ರ ನಿಯಮದಲ್ಲೇ ಬರೆದಿತ್ತು. ಹಳೇ ಪೇಪರಿನ ಒಂದು ಹಾಳೆ ಸಾಕು. ಅಷ್ಟು ಮಾಡಲು ನಮಗೇನು ಧಾಡಿ? ಮೊನ್ನೆ ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು. ಯಾರ ಮನೆಯ ಗಾಜು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಮ್ಮದೇ ಇರಬಹುದಿತ್ತು.

ಹೋದ ವಾರ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಯಂತ್ರದ ಧೂಳು ಒರೆಸಿದರು. ಅದರ ಪಕ್ಕಕ್ಕೆ ನರ್ಸರಿಯಿಂದ ಎರಡು ಚೀಲ ಗೊಬ್ಬರ ತಂದಿಟ್ಟರು. ಮನೆಗೆ 20 ರೂಪಾಯಿ ವಂತಿಗೆ.

ನಾನೂ ಕೊಟ್ಟೆ.