ಮೂಗುಬೊಟ್ಟು ಮತ್ತು ಪರಮಾಣುವಿನ ಸ್ಥಿರತೆ

ದೇಶದ ವೈದ್ಯಕೀಯ ಶಿಕ್ಷಣಕ್ಕೆ ನನ್ನ ಮೂಗಿನಿಂದ ಅಪಾಯವಿದೆ ಎಂಬ ಸಂಗತಿ ನನಗೆ ಗೊತ್ತಾದದ್ದು 2024ರ ಮೇ 5ರ ಭಾನುವಾರ ಮಧ್ಯಾಹ್ನ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಕೇಂದ್ರವಾಗಿದ್ದ ಹುಬ್ಬಳ್ಳಿಯ ಒಂದು ಶಾಲೆಯ ಗೇಟಿನ ಮುಂದೆ. ಎಂಟು ವರ್ಷದವಳಿದ್ದಾಗ ಅಜ್ಜಿ ಚುಚ್ಚಿಸಿದ ಒಂಟಿ ಹರಳಿನ ಮೂಗುಬೊಟ್ಟು ಅದು; ಹತ್ತು ವರ್ಷಗಳ ಸೋಪು, ಅರಿಸಿನ, ಬೆವರುಗಳೆಲ್ಲ ಸೇರಿ ಅದರ ತಿರುಪು ಮೂಗಿನೊಳಗೆ ಕಾಯಂ ಆಗಿ ಕೂತುಬಿಟ್ಟಿತ್ತು. ತಪಾಸಣೆಗೆ ನಿಂತಿದ್ದ ಹೆಣ್ಣುಮಗಳು ಮೆಟಲ್ ಡಿಟೆಕ್ಟರನ್ನು ಮುಖದ ಹತ್ತಿರ ತಂದದ್ದೇ ತಡ, ಅದು ಕುಂಯ್ ಎಂದಿತು. "ತಗದು ಬಾ ಯವ್ವಾ, ಒಂದೂವರಿಗೆ ಗೇಟ್ ಹಾಕ್ತಾರ" ಎಂದಳು ಆಕೆ, ಪಾಪ, ಗದರಿಸದೆ. ಅವ್ವ ಎದುರಿನ ಮನೆಯವರನ್ನು ಕೇಳಿ ಕೊಬ್ಬರಿ ಎಣ್ಣೆ ತಂದು, ಎರಡು ಹನಿ ಬಿಟ್ಟು, ಸೆರಗಿನ ತುದಿಯಲ್ಲಿ ಹಿಡಿದು ತಿರುವಿದಳು. ಸೆರಗು ಜಾರಿತು, ಬೆರಳು ಜಾರಿತು, ತಿರುಪು ಜಾರಲಿಲ್ಲ. ಪತ್ತಾರರ ಅಂಗಡಿ ಹುಡುಕಲು ಹೋದ ಅಪ್ಪ ಭಾನುವಾರದ ಮುಚ್ಚಿದ ಬಾಗಿಲುಗಳನ್ನು ಎಣಿಸಿ ಮರಳಿದರು. ಕೊನೆಗೆ ಇನ್ನೊಬ್ಬ ಹುಡುಗಿಯ ತಂದೆ ತಮ್ಮ ಬೈಕಿನ ಡಬ್ಬಿಯಿಂದ ಪಕ್ಕಡ ತೆಗೆದುಕೊಟ್ಟರು. ಹೀಗೆ, ಡಾಕ್ಟರಾಗಲು ಹೊರಟವಳ ಬಾಳಿನ ಮೊದಲ ಶಸ್ತ್ರಚಿಕಿತ್ಸೆ ರಸ್ತೆ ಬದಿಯ ಬೇವಿನ ಮರದ ಕೆಳಗೆ, ಅರಿವಳಿಕೆಯ ಹಂಗಿಲ್ಲದೆ, ಒಂದೇ ಹನಿ ರಕ್ತದ ವೆಚ್ಚದಲ್ಲಿ ನೆರವೇರಿತು.

ಈ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಉದ್ದ ತೋಳು ಕೂಡದು, ಬೂಟು ಕೂಡದು, ಚಪ್ಪಲಿಯ ಹಿಮ್ಮಡಿ ತಗ್ಗಿರಬೇಕು, ನೀರಿನ ಬಾಟಲಿ ಪಾರದರ್ಶಕವಾಗಿರಬೇಕು ಎಂದು ನೀಟ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ಮೊದಲೇ ತಿಳಿಸಿತ್ತು. (ಆ ಮಧ್ಯಾಹ್ನದ ಇಡೀ ವ್ಯವಹಾರದಲ್ಲಿ ಪಾರದರ್ಶಕವಾಗಿದ್ದದ್ದು ನಮ್ಮ ನೀರಿನ ಬಾಟಲಿಗಳು ಮಾತ್ರ ಎಂಬುದು ತಿಂಗಳ ನಂತರ ಗೊತ್ತಾಯಿತು.) ನನ್ನ ಮುಂದಿದ್ದ ಹುಡುಗನ ಹೊಸ ಅಂಗಿಯ ತೋಳನ್ನು ಅವನ ಅಕ್ಕ ಬ್ಲೇಡಿನಿಂದ ಮೊಣಕೈವರೆಗೆ ಕೊಯ್ದಳು, ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಆಗಿ, ಆತ ಒಳಗೆ ಹೋಗುವಾಗ ಯಾವುದೋ ಹೊಡೆದಾಟದಿಂದ ಬಂದವನಂತೆ ಕಾಣುತ್ತಿದ್ದ. ಆದರೂ ನಾವು ಪುಣ್ಯವಂತರು. 2022ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಕೇಂದ್ರವೊಂದರಲ್ಲಿ ಹುಡುಗಿಯರ ಒಳಉಡುಪನ್ನೇ ತೆಗೆಸಿದ ದೂರು ಪೊಲೀಸ್ ಠಾಣೆಯನ್ನು ಮುಟ್ಟಿತ್ತು. ಮನುಷ್ಯನ ದೇಹದ ಯಾವ ಭಾಗದಲ್ಲಿ ಏನು ಇರಬಹುದು ಎಂಬ ಜ್ಞಾನದಲ್ಲಿ ಈ ತಪಾಸಣೆಯವರು ಮೊದಲ ವರ್ಷದ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳಿಗಿಂತ ಬಹಳ ಮುಂದಿದ್ದಾರೆ.

ಒಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ತೆಗೆದುಕೊಂಡರು, ಅವರದೇ ಪೆನ್ನು ಕೊಟ್ಟರು. 200 ಪ್ರಶ್ನೆಗಳಲ್ಲಿ 180ಕ್ಕೆ ಉತ್ತರ, 200 ನಿಮಿಷ, ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ, ಒಟ್ಟು 720. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆಯಾದರೂ ನಮ್ಮ ಪಿಯು ಉಪನ್ಯಾಸಕರು "ಆ ಸಾಹಸ ಬೇಡಮ್ಮ" ಎಂದು ತಡೆದಿದ್ದರು. ಕಾರಣ ಮಾಹಿತಿ ಪುಸ್ತಿಕೆಯಲ್ಲೇ ಇತ್ತು: ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಅಂದರೆ ಕನ್ನಡದ ಮಗುವಿಗೆ ಕನ್ನಡದಲ್ಲಿ ಓದುವ ಹಕ್ಕು ಉಂಟು. ಓದಿದ ಕನ್ನಡ ಸರಿಯಾಗಿರಬೇಕು ಎಂಬ ಹಕ್ಕು ಮಾತ್ರ ಇಲ್ಲ. ಮೂಗು ಉರಿಯುತ್ತಿದ್ದುದರಿಂದ ನಾನು ಭೌತಶಾಸ್ತ್ರವನ್ನು ಕೊನೆಗಿಟ್ಟೆ. ಹತ್ತು ಹದಿನೈದು ಪ್ರಶ್ನೆಗಳಲ್ಲಿ, ಹಳ್ಳಿಯಲ್ಲಿ ಮಳೆ ನೋಡಿ ಬಿತ್ತುವವರಂತೆ, ಅಂದಾಜಿನ ಮೇಲೆ ಗೋಲ ತುಂಬಿದೆ.

ನಾನು ಮೂಗು ಒರೆಸಿಕೊಳ್ಳುವುದಕ್ಕೆ ಬಹಳ ಮೊದಲೇ, ಅದೇ ದಿನ ಬೆಳಗ್ಗೆ, ಜಾರ್ಖಂಡ್‌ನ ಹಜಾರಿಬಾಗ್‌ನ ಕೇಂದ್ರವೊಂದರಲ್ಲಿ ಪ್ರಶ್ನೆಪತ್ರಿಕೆಯ ಪೆಟ್ಟಿಗೆ ತೆರೆದು ಫೋಟೊ ಹೊಡೆದುಕೊಂಡಿದ್ದರೆಂದು ಆಮೇಲೆ ಸಿಬಿಐ ಹೇಳಿತು. ಆ ಪೆಟ್ಟಿಗೆಯ ಮುಂದೆಯೂ ಒಬ್ಬ ಹೆಣ್ಣುಮಗಳನ್ನು ಡಿಟೆಕ್ಟರ್ ಕೊಟ್ಟು ನಿಲ್ಲಿಸಬಹುದಿತ್ತಲ್ಲ ಎಂದು ಕೇಳುವವರಿಗೆ ಭದ್ರತೆಯ ಶಾಸ್ತ್ರ ತಿಳಿಯದು. ಪೆಟ್ಟಿಗೆಗೆ ಮೂಗಿಲ್ಲ, ತೋಳಿಲ್ಲ, ಜಡೆಯಲ್ಲಿ ಪಿನ್ನಿಲ್ಲ. ಅದನ್ನು ಎಲ್ಲಿ ಅಂತ ತಪಾಸಣೆ ಮಾಡುವುದು?

ಫಲಿತಾಂಶ ಜೂನ್ 14ಕ್ಕೆ ಎಂದಿದ್ದರು. ಬಂದದ್ದು ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯಲ್ಲಿ ಇಡೀ ದೇಶ ಟಿವಿಗೆ ಅಂಟಿಕೊಂಡಿದ್ದ ದಿನ. ಸರ್ಕಾರಿ ಕಚೇರಿಯೊಂದು ಹತ್ತು ದಿನ ಮುಂಚಿತವಾಗಿ ಕೆಲಸ ಮುಗಿಸಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಿರಲಿಲ್ಲವಾದ್ದರಿಂದ ಅಜ್ಜಿ ದೇವರಿಗೆ ದೀಪ ಹಚ್ಚಿದಳು. ನನಗೆ 588 ಬಂದಿತ್ತು. ಸೀನಿಯರ್‌ಗಳ ಲೆಕ್ಕದ ಪ್ರಕಾರ ಹಿಂದಿನ ವರ್ಷವಾಗಿದ್ದರೆ ಸರ್ಕಾರಿ ಸೀಟಿನ ಆಸೆ ಇಟ್ಟುಕೊಳ್ಳಬಹುದಾದ ಅಂಕ; ಆದರೆ ಈ ವರ್ಷ 67 ಮಂದಿ 720ಕ್ಕೆ 720 ತೆಗೆದಿದ್ದರು, ಅವರ ಹಿಂದೆ ಜಾತ್ರೆಯ ತೇರಿಗೆ ಕೂಡಿದಂತೆ ಜನ ಕೂಡಿದ್ದರು.

ನಮ್ಮಪ್ಪ ಕಿರಾಣಿ ಅಂಗಡಿಯವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಆದರೆ ಮಗ್ಗಿ ತಪ್ಪಿದವರೂ ಅಲ್ಲ. ಪತ್ರಿಕೆಯಲ್ಲಿ 719, 718 ಎಂಬ ಅಂಕಗಳನ್ನು ನೋಡಿ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಲ್ಲಾ ಸರಿ ಇದ್ರ 720. ಒಂದು ಬಿಟ್ರ 716. ಒಂದು ತಪ್ಪಾದ್ರ 715. ನಡುವ ಈ 718 ಎಲ್ಲಿಂದ ಬಂತವ್ವಾ?" ಸಂತೆಯಲ್ಲಿ ತಕ್ಕಡಿ ಹಿಡಿದವನಿಗೆ ಹೊಳೆದ ಈ ಪ್ರಶ್ನೆಯನ್ನು ದೇಶದ ವಿದ್ಯಾವಂತರೂ ಕೇಳತೊಡಗಿದ ಮೇಲೆ ಎನ್‌ಟಿಎ ವಿವರಣೆ ಕೊಟ್ಟಿತು: ಕೆಲವು ಕೇಂದ್ರಗಳಲ್ಲಿ ಪರೀಕ್ಷಾರ್ಥಿಗಳಿಗೆ ಸಮಯ ನಷ್ಟವಾಗಿತ್ತು, ಆದ್ದರಿಂದ ಹಿಂದೆ ಕಾನೂನು ಪ್ರವೇಶ ಪರೀಕ್ಷೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ಸೂತ್ರದಂತೆ 1563 ಮಂದಿಗೆ ಕೃಪಾಂಕ ಕೊಟ್ಟಿದ್ದೇವೆ. ಆ ಕಾನೂನು ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆದದ್ದು, ಯಾರಿಗೆ ಎಷ್ಟು ಸೆಕೆಂಡು ಹೋಯಿತೆಂದು ಅಲ್ಲಿ ಯಂತ್ರವೇ ಬರೆದಿಟ್ಟಿರುತ್ತದೆ. ಇದು ಪೆನ್ನು ಕಾಗದದ ಪರೀಕ್ಷೆ. ಆದರೂ ವಕೀಲರ ಔಷಧಿಯನ್ನು ವೈದ್ಯರಿಗೆ ಕುಡಿಸಿ ನೋಡಿದರು. ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆ ಎದ್ದಾಗ ಕೃಪೆಯನ್ನು ಹಿಂದಕ್ಕೆ ಪಡೆದು ಜೂನ್ 23ರಂದು ಮರುಪರೀಕ್ಷೆ ಇಟ್ಟರು. 1563ರಲ್ಲಿ 813 ಮಂದಿ ಮಾತ್ರ ಬಂದರು. ಉಳಿದ 750 ಮಂದಿಗೆ ಸಮಯ ಇನ್ನೂ ಸಿಕ್ಕಿರಲಿಲ್ಲವೇನೋ.

ಸಮಯ ನಷ್ಟದ ವಿಷಯ ಬಂದರೆ ನಮ್ಮ ಉತ್ತರ ಕರ್ನಾಟಕದವರು ಅನುಭವಸ್ಥರು. 2019ರ ನೀಟ್ ದಿನ ಹಂಪಿ ಎಕ್ಸ್‌ಪ್ರೆಸ್ ತಾಸುಗಟ್ಟಲೆ ತಡವಾಗಿ, ನೂರಾರು ಮಕ್ಕಳು ಬೆಂಗಳೂರು ಮುಟ್ಟುವ ಹೊತ್ತಿಗೆ ಪರೀಕ್ಷಾ ಕೇಂದ್ರಗಳ ಗೇಟು ಬಿದ್ದಾಗಿತ್ತು. ಅವರಿಗೆ ಕೃಪಾಂಕ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗದ್ದಲವೆದ್ದ ಮೇಲೆ ಮೇ 20ರಂದು ಇನ್ನೊಮ್ಮೆ ಬರೆಸಿದರು.

ಇಷ್ಟೆಲ್ಲದರ ನಡುವೆ ನನಗೆ ಅತ್ಯಂತ ಪ್ರಿಯವಾದದ್ದು ಪರಮಾಣುವಿನ ಪ್ರಕರಣ. ಭೌತಶಾಸ್ತ್ರದ ಪ್ರಶ್ನೆಯೊಂದರಲ್ಲಿ, ಪ್ರತಿಯೊಂದು ಮೂಲಧಾತುವಿನ ಪರಮಾಣುಗಳೂ ಸ್ಥಿರವಾಗಿರುತ್ತವೆ ಎಂಬ ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಎಂದು ಕೇಳಿದ್ದರು. ಶಾಲಾ ಪಠ್ಯಪುಸ್ತಕ ಹೊರತರುವ ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕ ಓದಿದವರಿಗೆ ಸರಿ, ಹೊಸದನ್ನು ಓದಿದವರಿಗೆ ತಪ್ಪು. ಎನ್‌ಟಿಎ ಎರಡು ಉತ್ತರಗಳಿಗೂ ಅಂಕ ಕೊಟ್ಟಿತು. ಅತ್ತೆ ಸೊಸೆ ಇಬ್ಬರೂ ಸರಿ ಎನ್ನುವ ಮನೆಯ ಹಿರಿಯನ ನೀತಿ ಇದು. ಸಂಸಾರಕ್ಕೆ ಒಳ್ಳೆಯದು, ಭೌತಶಾಸ್ತ್ರಕ್ಕೆ ಹೇಗೋ ತಿಳಿಯದು. ಮೊದಲ ಪಟ್ಟಿಯ 67 ಪೂರ್ಣಾಂಕಿಗಳಲ್ಲಿ 44 ಮಂದಿ ಈ ಔದಾರ್ಯದಿಂದ ಪೂರ್ಣರಾದವರು. ಸುಪ್ರೀಂ ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರನ್ನು ಕೇಳಿತು. ಅವರು ಒಂದೇ ಉತ್ತರ ಸರಿ ಎಂದರು. 67 ಇದ್ದದ್ದು ಮರುಪರೀಕ್ಷೆಯ ನಂತರ 61 ಆಗಿ, ಪರಮಾಣು ಅಲುಗಾಡಿದ ಮೇಲೆ 17ಕ್ಕೆ ಇಳಿಯಿತು. ಹೀಗೆ ಪ್ರತಿಯೊಂದು ಪರಮಾಣುವೂ ಸ್ಥಿರವಲ್ಲವೆಂದು ಭಾರತದಲ್ಲಿ 2024ರ ಜುಲೈನಲ್ಲಿ ನ್ಯಾಯಾಲಯದ ಮೂಲಕ ಇತ್ಯರ್ಥವಾಯಿತು. ನನ್ನ ರ್‍ಯಾಂಕು ಯಾವ ಧಾತುವಿನಿಂದ ಮಾಡಿದ್ದೋ, ಆ ಎರಡು ತಿಂಗಳು ಅದೂ ಸ್ಥಿರವಾಗಿರಲಿಲ್ಲ.

ಪಟ್ನಾ, ಹಜಾರಿಬಾಗ್‌ಗಳಲ್ಲಿ ಸೋರಿಕೆ ಆದದ್ದು ನಿಜ, ಆದರೆ ಇಡೀ ಪರೀಕ್ಷೆ ಕೆಟ್ಟಿತೆನ್ನಲು ಸಾಕ್ಷ್ಯವಿಲ್ಲ ಎಂದು ನ್ಯಾಯಾಲಯ ಮರುಪರೀಕ್ಷೆಯ ಬೇಡಿಕೆಯನ್ನು ತಳ್ಳಿಹಾಕಿತು. ನಾನೂ ನೆಮ್ಮದಿಯಿಂದ ಅರ್ಹರ ಪಟ್ಟಿ ನೋಡಿದೆ. ಸಾಮಾನ್ಯ ವರ್ಗಕ್ಕೆ 720ಕ್ಕೆ 162 ಅಂಕ ಬಂದರೆ ಅರ್ಹತೆ. ಹಾಗೆ ಅರ್ಹರಾದವರು 13 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಚಿಲ್ಲರೆ. ಈ ಅರ್ಹತೆ ಎಂಬುದು ಮದುವೆ ಮನೆಯ ಆಮಂತ್ರಣ ಪತ್ರಿಕೆಯಂತೆ: ಎಲ್ಲರಿಗೂ ಬರುತ್ತದೆ, ಊಟದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವವರು ಬೇರೆ. ಇನ್ನೂರು ಚಿಲ್ಲರೆ ಅಂಕದವನೊಬ್ಬ ಖಾಸಗಿ ಕಾಲೇಜಿನ ಎನ್‌ಆರ್‌ಐ ಸೀಟಿನಲ್ಲಿ ಕೂತ ಸುದ್ದಿ ನಮ್ಮ ಓಣಿಗೂ ಬಂತು. "ಅವನ ಅಂಕದಾಗ ಮುಂದಿನ ಸೊನ್ನಿ ಎಣಸಬಾರದವ್ವಾ, ಅವರಪ್ಪನ ಚೆಕ್ಕಿನಾಗ ಎಣಸಬೇಕು" ಎಂದರು ಅಪ್ಪ. ಪ್ರತಿಭೆಯನ್ನು ಒರೆಗೆ ಹಚ್ಚಲಿಕ್ಕೇ ನೀಟ್ ಎಂದು ಯಾರಾದರೂ ಹೇಳಿದಾಗ, ಸೀಟು ಖಾಲಿ ಉಳಿದವೆಂದು 2023ರಲ್ಲಿ ಸ್ನಾತಕೋತ್ತರ ನೀಟ್‌ನ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದ್ದನ್ನು ನಾನು ವಿನಯದಿಂದ ನೆನಪಿಸುತ್ತೇನೆ. ಸೊನ್ನೆ ಪರ್ಸೆಂಟೈಲ್ ಎಂದರೆ ಎಲ್ಲರಿಗಿಂತ ಕೊನೆಯವನೂ ಒಳಗೆ. ಆದರೆ ಅವನ ತೋಳು ಅರ್ಧವೇ ಇದ್ದಿರುತ್ತದೆ ಎಂಬ ಭರವಸೆ ನನಗಿದೆ.

ನಾನು ಲಾಂಗ್ ಟರ್ಮ್ ಹಾಕಿದೆ, ಅಂದರೆ ಇನ್ನೊಂದು ವರ್ಷ ನೀಟ್ ತರಬೇತಿಗೇ ಕೂತೆ. 2025ರ ಪರೀಕ್ಷೆ ಮೇ 4ಕ್ಕೆ ಬಂತು. ಈ ಸಲ 180 ಪ್ರಶ್ನೆ, 180 ನಿಮಿಷ. ಅವ್ವ ತನ್ನ ತಯಾರಿಯನ್ನು ತಿಂಗಳ ಮೊದಲೇ ಮುಗಿಸಿದ್ದಳು: ಪತ್ತಾರರಲ್ಲಿಗೆ ಕರೆದೊಯ್ದು ಮೂಗುಬೊಟ್ಟು ತೆಗೆಸಿ, ತೂತು ಮುಚ್ಚಿಕೊಳ್ಳದಿರಲೆಂದು ಊರ ಹೆಣ್ಣುಮಕ್ಕಳೆಲ್ಲ ಮಾಡುವಂತೆ ಸಣ್ಣದೊಂದು ಬೇವಿನ ಕಡ್ಡಿ ಸಿಕ್ಕಿಸಿದ್ದಳು. ಗೇಟಿನಲ್ಲಿ ಡಿಟೆಕ್ಟರ್ ಮೌನವಾಗಿತ್ತು. ಆದರೆ ಅದನ್ನು ಹಿಡಿದವಳು ಮೌನವಾಗಲಿಲ್ಲ. ಕಡ್ಡಿಯನ್ನು ದಿಟ್ಟಿಸಿ ನೋಡಿ ಮೇಲಿನವರನ್ನು ಕರೆದಳು. ಅವರು ನಿಯಮಗಳ ಹಾಳೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಲೋಹದ ಹೆಸರಿತ್ತು, ಬೂಟಿನ ಹೆಸರಿತ್ತು, ಗಡಿಯಾರದ ಹೆಸರಿತ್ತು, ಬೇವಿನ ಹೆಸರು ಎಲ್ಲೂ ಇರಲಿಲ್ಲ.

"ಏನಿದು?" ಎಂದರು.

"ಅಜಾಡಿರಾಕ್ಟ ಇಂಡಿಕಾ, ಸರ್" ಎಂದೆ.

ಅವರು ಹಾಳೆಯಿಂದ ತಲೆಯೆತ್ತಿ, "ಸಿಲೆಬಸ್‌ನಾಗ ಐತೇನು?" ಎಂದು ಕೇಳಿದರು.