ಬೀಗದ ಕೈ ಯಾರ ಕೈಯಲ್ಲಿ

ತಂಗಿಯ ಮಗ ಹೊಸ ಫೋನು ಕೊಂಡ. ಹಳೆಯದು ಗಟ್ಟಿಮುಟ್ಟಾಗಿಯೇ ಇತ್ತು, ಮೂಲೆಗೆ ಹಾಕಲು ಮನಸ್ಸು ಬಾರದೆ ನನಗೆ ಕಳಿಸಿದ. "ಕಂತೆಲ್ಲ ತೀರಿದೆ ಮಾವ, ನಿಮ್ಮ ಸಿಮ್ ಹಾಕ್ಕೊಂಡ್ರೆ ಆಯ್ತು" ಅಂದ. ಸಿಮ್ ತಟ್ಟೆ ತೆಗೆಯುವ ಆ ಪಿನ್ನು ಬೇಕಾದಾಗ ಸಿಕ್ಕಿದ ದಾಖಲೆ ಯಾವ ಮನೆಯಲ್ಲೂ ಇರಲಾರದು. ಹೆಂಡತಿಯ ಓಲೆಯ ಕಡ್ಡಿಯನ್ನು ತೂತಿಗೆ ಚುಚ್ಚಿದೆ. ತಟ್ಟೆ ಹೊರಗೆ ಬಂತು. ಕತ್ತರಿಸಿದ ಮೂಲೆ ಎತ್ತಲಿದೆ ಎಂದು ಕನ್ನಡಕ ಮೇಲೇರಿಸಿ ನೋಡಿ, ಸಿಮ್ ಕೂರಿಸಿ, ಒಳಗೆ ತಳ್ಳಿದೆ. ಪರದೆ ಬೆಳಗಿತು. 'ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್' ಎಂದು ಬರೆದು, ಕೆಳಗೆ ಒಂದು ಖಾಲಿ ಗೆರೆ ಎಳೆದು, ನನ್ನ ಮುಖ ನೋಡುತ್ತ ಕೂತಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದು.

ಕಂತಿನಲ್ಲಿ ಫೋನು ಮಾರಿದ ಮೊಬೈಲ್ ಕಂಪನಿ, ತನ್ನ ಸಿಮ್ ಬಿಟ್ಟು ಬೇರೆಯದು ನಡೆಯದಂತೆ ಅದಕ್ಕೆ ಬೀಗ ಹಾಕಿತ್ತು. ಫೋನಿಗೆ ಬೇರೇನೂ ಆಗಿರಲಿಲ್ಲ. ಫೋಟೊ ತೆಗೆಯುತ್ತಿತ್ತು, ಟಾರ್ಚು ಬೀರುತ್ತಿತ್ತು, ನಾನು ಅಡುಗೆಮನೆಗೆ ಎಷ್ಟು ಹೆಜ್ಜೆ ಹಾಕಿದೆನೆಂದು ಕೇಳದಿದ್ದರೂ ಹೇಳುತ್ತಿತ್ತು. ತುರ್ತು ಕರೆ ಮಾಡಲೂ ಅದರ ಅಭ್ಯಂತರವಿಲ್ಲ. ಅಂದರೆ ನಾನು ಸಾಯುವ ಸ್ಥಿತಿಯಲ್ಲಿದ್ದರೆ ಮಾತಾಡಬಹುದು, ಸುಮ್ಮನೆ ಕ್ಷೇಮ ವಿಚಾರಿಸುವುದಕ್ಕೆ ಆಗದು. ಇಷ್ಟಕ್ಕೂ ಅದು ತಪಾಸಣೆ ಮಾಡುವುದೇನು? ಸಿಮ್ಮಿನಲ್ಲಿರುವ ಸಂಖ್ಯೆಯ ಮೊದಲ ಐದಾರು ಅಂಕಿ: ಮೂರು ದೇಶದ್ದು, ಉಳಿದದ್ದು ಕಂಪನಿಯದ್ದು. ಅಷ್ಟು ಓದಿ, ಬೇರೆ ಕಂಪನಿಯದ್ದಾದರೆ ಮುಖ ತಿರುಗಿಸುತ್ತದೆ.

ಆ ಕಂಪನಿಯ ಕಸ್ಟಮರ್ ಕೇರ್‌ನವರ ಜೊತೆ ಚಾಟ್ ಮಾಡಿದೆ. ಬೀಗ ತೆಗೆಸಬೇಕಾದರೆ ಖಾತೆದಾರರೇ ಕೇಳಬೇಕಂತೆ. ಖಾತೆದಾರ ನನ್ನ ಅಳಿಯ, ಅವನಿಂದಲೇ ಕೇಳಿಸಿದೆ. ಅವನು ಈಗ ಅವರ ಗ್ರಾಹಕನಲ್ಲವಂತೆ, ಖಾತೆ ಚಾಲ್ತಿಯಲ್ಲಿ ಇರಬೇಕಂತೆ. ಅವರನ್ನು ಬಿಟ್ಟುಹೋಗಲು ಅರ್ಜಿ ಹಾಕಬೇಕಾದರೆ ಅವರನ್ನು ಬಿಟ್ಟಿರಬಾರದು! ಪ್ರತಿ ಸಲವೂ ಬೇರೆ ಹೆಸರಿನವರು ಬಂದು "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅಂದರು. ಹೆಸರು ಬದಲಾಗುತ್ತಿತ್ತು, ವಿಷಾದದಲ್ಲಿ ಮಾತ್ರ ಒಂದು ಅಲ್ಪವಿರಾಮವೂ ಆಚೀಚೆ ಆಗಲಿಲ್ಲ.

ಈ ಸಿಟ್ಟಿನಲ್ಲೇ 'ಸ್ವಂತದ್ದು ಅಂದರೆ ಯಾವುದು' ಎಂಬ ಬಗ್ಗೆ ಒಂದು ಘನವಾದ ಮಾತು ಬರೆಯೋಣ ಎಂದು ಕೂತೆ. ಕೂತದ್ದೇ ತಡ, ಹ್ಯಾರಿ ಟಟಲ್ ನೆನಪಾದ.

ಟಟಲ್ ಅಮೆರಿಕದವನು. ಅವನ ಕಂಪನಿ 1920ರ ದಶಕದಿಂದಲೂ ಹಶ್-ಎ-ಫೋನ್ ಎಂಬ ಒಂದು ಸಾಧನ ಮಾರುತ್ತಿತ್ತು. ಸಾಧನ ಎಂದರೆ ದೊಡ್ಡ ಮಾತಾಯಿತು. ಟೆಲಿಫೋನಿನ ಬಾಯಿಗೆ ಸಿಕ್ಕಿಸುವ ಒಂದು ಬಟ್ಟಲು, ಅಷ್ಟೇ. ಅದರೊಳಗೆ ಬಾಯಿಟ್ಟು ಮಾತಾಡಿದರೆ ಕೋಣೆಯಲ್ಲಿ ಕೂತ ಉಳಿದವರಿಗೆ ಕೇಳಿಸದು. ತಂತಿಯಿಲ್ಲ, ವಿದ್ಯುತ್ತಿಲ್ಲ, ತಿರುಗುವ ಭಾಗ ಒಂದೂ ಇಲ್ಲ. ಆದರೆ ಆಗ ಅಲ್ಲಿ ಟೆಲಿಫೋನು ಯಾರಿಗೂ ಸ್ವಂತದ್ದಾಗಿರಲಿಲ್ಲ. ಎಟಿ ಅಂಡ್ ಟಿ ಎಂಬ ಮಹಾಕಂಪನಿ ಅದನ್ನು ಬಾಡಿಗೆಗೆ ಕೊಡುತ್ತಿತ್ತು, ತಾನು ಕೊಡದ ಯಾವ ವಸ್ತುವನ್ನೂ ಅದಕ್ಕೆ ಅಂಟಿಸಕೂಡದು ಎಂದು ನಿಯಮ ಮಾಡಿತ್ತು. ಬಟ್ಟಲು ಸಿಕ್ಕಿಸಿಕೊಂಡವರಿಗೆ ಸಂಪರ್ಕ ಕಡಿದೇವು ಎಂಬ ಎಚ್ಚರಿಕೆ ಹೋಗುತ್ತಿತ್ತು.

ಟಟಲ್ 1948ರಲ್ಲಿ ದೂರು ಕೊಟ್ಟ. ಅಲ್ಲಿನ ಸಂಪರ್ಕ ಆಯೋಗದ ಮುಂದೆ ವಿಚಾರಣೆ ನಡೆಯಿತು. ಒಂದು ಬಟ್ಟಲಿನ ವಿಷಯದಲ್ಲಿ ಹೇಗೆ ವಿಚಾರಣೆ ನಡೆದಿರಬೇಕು, ಸ್ವಲ್ಪ ಊಹಿಸಿ ನೋಡಿ! ಟಟಲ್‌ನ ಪರವಾಗಿ ಸಾಕ್ಷಿ ಹೇಳಿದವರು ಸಾಮಾನ್ಯರಲ್ಲ. ಒಬ್ಬ ಲಿಯೋ ಬೆರಾನೆಕ್, ಧ್ವನಿವಿಜ್ಞಾನದ ದೊಡ್ಡ ಹೆಸರು. ಇನ್ನೊಬ್ಬ ಜೆ.ಸಿ.ಆರ್. ಲಿಕ್ಲೈಡರ್. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನ ಕನಸು ಮುಂದೆ ಹುಟ್ಟಿದ್ದು ಈ ಲಿಕ್ಲೈಡರನ ತಲೆಯಲ್ಲಿ, ಅದರ ಮೊದಲ ಯಂತ್ರಗಳನ್ನು ಕಟ್ಟಿದ್ದು ಬೆರಾನೆಕ್‌ನ ಹೆಸರಿದ್ದ ಕಂಪನಿ. ಅಂಥವರಿಬ್ಬರು ಬಟ್ಟಲಿನ ಪರ ನಿಂತು, ಇದರಿಂದ ಟೆಲಿಫೋನಿಗೆ ಯಾವ ಬಾಧಕವೂ ಇಲ್ಲ ಸ್ವಾಮಿ ಎಂದು ಹೇಳಬೇಕಾಯಿತು. ಕಂಪನಿಯ ವಾದವೂ ಕೇಳುವಂಥದ್ದೇ: ಬಟ್ಟಲಿನೊಳಗಿಂದ ಬಂದ ಮಾತು ಆಚೆ ಕಡೆಯವರಿಗೆ ಸ್ಪಷ್ಟವಾಗಿ ಕೇಳಿಸದು, ಹಾಗಾಗಿ ಸಾರ್ವಜನಿಕ ಸೇವೆಗೆ ಧಕ್ಕೆ. ಆಯೋಗ ವರ್ಷಗಟ್ಟಲೆ ಯೋಚಿಸಿ, 1955ರಲ್ಲಿ ಕಂಪನಿಯ ಮಾತಿಗೇ ತಲೆದೂಗಿತು.

ಟಟಲ್ ಬಿಡಲಿಲ್ಲ, ಮೇಲಿನ ನ್ಯಾಯಾಲಯಕ್ಕೆ ಹೋದ. 1956ರಲ್ಲಿ ನ್ಯಾಯಾಧೀಶರು ಒಂದು ಮಾತು ಹೇಳಿದರು, ಅದನ್ನು ಓದಿದಾಗಲೆಲ್ಲ ನನಗೆ ಎದ್ದು ನಿಂತು ಕೈಮುಗಿಯೋಣ ಅನಿಸುತ್ತದೆ. ಮನುಷ್ಯ ಅಂಗೈಯನ್ನೇ ಬಟ್ಟಲು ಮಾಡಿ ಬಾಯಿಗೆ ಅಡ್ಡ ಹಿಡಿದು ಮಾತಾಡಿದರೂ ಪರಿಣಾಮ ಇದೇ ತಾನೆ? ಕೈ ಅಡ್ಡ ಇಟ್ಟರೆ ಸರಿ, ಬಟ್ಟಲು ಇಟ್ಟರೆ ತಪ್ಪು ಅನ್ನುವುದು ನ್ಯಾಯವೂ ಅಲ್ಲ, ಸಮಂಜಸವೂ ಅಲ್ಲ ಎಂದರು. ಎಂಟು ವರ್ಷ ಹಿಡಿಯಿತು, ಮನುಷ್ಯನಿಗೆ ಕೈ ಇದೆ ಎಂದು ಗೊತ್ತಾಗಲು. ಈ ತೀರ್ಪಿನ ಎಳೆ ಹಿಡಿದೇ 1968ರಲ್ಲಿ ಟೆಕ್ಸಸ್‌ನ ಥಾಮಸ್ ಕಾರ್ಟರ್ ತನ್ನ ರೇಡಿಯೊ ಉಪಕರಣವನ್ನೂ ಟೆಲಿಫೋನ್ ಜಾಲಕ್ಕೆ ಸೇರಿಸಲು ಅನುಮತಿ ಗಿಟ್ಟಿಸಿದ, ಆಮೇಲೆ ಬೇರೆಯವರ ಯಂತ್ರಗಳೂ ಟೆಲಿಫೋನಿನ ತಂತಿಗೆ ಸೇರಿಕೊಂಡವು. ಟಟಲ್‌ನಂಥ ಮೊಂಡನೊಬ್ಬ ಪ್ರತಿ ಶತಮಾನಕ್ಕೂ ಬೇಕು. ನಮ್ಮ ಶತಮಾನದವನು ಎಲ್ಲಿ ತೂಕಡಿಸುತ್ತಿದ್ದಾನೋ.

ಬಾಡಿಗೆಯ ಫೋನಿನ ಕಾಲದಲ್ಲಿ ಇಷ್ಟಾದರೆ, ಕಾಸು ಕೊಟ್ಟು ಕೊಂಡ ಕಾಲದಲ್ಲಿ ಸುಧಾರಿಸಿರಬೇಕಲ್ಲ? ಅದೇ ಅಮೆರಿಕದಲ್ಲಿ ಫೋನಿನ ಬೀಗ ತೆಗೆಯಬಹುದೇ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿತ್ತು ಗೊತ್ತೆ? ಗ್ರಂಥಪಾಲಕರಿಗೆ. ತಮಾಷೆ ಅಲ್ಲ. 1998ರ ಕಾಯ್ದೆಯ ಪ್ರಕಾರ ತಂತ್ರಾಂಶದ ಬೀಗ ಮುರಿಯುವುದು ಕೃತಿಸ್ವಾಮ್ಯದ ಪ್ರಶ್ನೆ, ಕೃತಿಸ್ವಾಮ್ಯದ ಕಚೇರಿ ಇರುವುದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಹಾಗಾಗಿ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೊಡುವವರು ಅಲ್ಲಿನ ಮುಖ್ಯ ಗ್ರಂಥಪಾಲಕರು. ಆಗ ಆ ಪೀಠದಲ್ಲಿದ್ದ ಜೇಮ್ಸ್ ಬಿಲ್ಲಿಂಗ್ಟನ್ ರಷ್ಯಾದ ಸಂಸ್ಕೃತಿಯ ಇತಿಹಾಸದಲ್ಲಿ ಘನ ವಿದ್ವಾಂಸರು. 2012ರಲ್ಲಿ ಅವರು ಹೊಸ ಫೋನುಗಳಿಗೆ ವಿನಾಯಿತಿ ಮುಂದುವರಿಸಲಿಲ್ಲ. 2013ರ ಜನವರಿ 26ರ ನಂತರ ಕೊಂಡ ಫೋನಿನ ಬೀಗವನ್ನು ಕಂಪನಿಯನ್ನು ಕೇಳದೆ ತೆಗೆದರೆ ಕಾನೂನುಭಂಗ. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಬೊಬ್ಬೆ ಹೊಡೆದ ಮೇಲೆ, 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮಾ ಬೇರೆ ಕಾಯ್ದೆಗೆ ಸಹಿ ಹಾಕಬೇಕಾಯಿತು. ಅದರಲ್ಲೂ ನೀವು ಬೀಗ ತೆಗೆಯಬಹುದು ಎಂದಿದೆಯೇ ಹೊರತು ಕಂಪನಿ ತೆಗೆದುಕೊಡಲೇಬೇಕು ಎಂದಿಲ್ಲ. ಬೀಗದ ಕೈ ಇರುವುದು ಅವರ ಹತ್ತಿರವೇ ಅಲ್ಲವೇ.

ಕೆನಡಾದವರು ಪರವಾಗಿಲ್ಲ. ಅಲ್ಲಿನ ನಿಯಂತ್ರಣ ಆಯೋಗ, 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳಿಗೆ ಬೀಗವೇ ಬೇಡ, ಹಳೆಯವಕ್ಕೂ ಕಾಸಿಲ್ಲದೆ ತೆಗೆದುಕೊಡಿ ಎಂದು ಆಜ್ಞೆ ಮಾಡಿತು. ಬ್ರಿಟನ್ನಿನವರೂ 2021ರ ಡಿಸೆಂಬರಿನಲ್ಲಿ ಬೀಗ ಹಾಕಿದ ಫೋನು ಮಾರುವುದನ್ನೇ ನಿಲ್ಲಿಸಿದರು. ಕೆನಡಾದ ಆ ಆಜ್ಞೆಗೆ ಮುಂಚೆ ಬೀಗ ತೆಗೆಸಲು ಸಾಮಾನ್ಯವಾಗಿ 50 ಡಾಲರ್ ತೆರಬೇಕಿತ್ತು. ಕೆಲಸ ಏನು? ಕಂಪ್ಯೂಟರಿನಲ್ಲಿ ಮೊದಲೇ ಇರುವ ಒಂದು ಸಂಖ್ಯೆಯನ್ನು ಓದಿ ಹೇಳುವುದು. ಹಾಗೆ ಓದಿ ಹೇಳುವುದಕ್ಕೆ ಇಷ್ಟು ಕೊಡುತ್ತಾರೆಂದು ಗೊತ್ತಿದ್ದಿದ್ದರೆ ನಾನೂ ಆ ಉದ್ಯೋಗಕ್ಕೇ ಸೇರುತ್ತಿದ್ದೆ, ವಿಷಾದವನ್ನು ಬೇಕಾದರೆ ಪುಕ್ಕಟೆಯಾಗಿ ಕೊಡುತ್ತಿದ್ದೆ.